ನೆಲದ ಮೇಲೆ ಏನೂ ಇಲ್ಲ, ಅತ್ತೆ

ಮಾರ್ಚ್ 3, ಸೋಮವಾರ

ಇವತ್ತು ಲಸಿಕೆಯ ನರ್ಸ್ ಬಂದಿದ್ದರು. ಫೋನ್ ಮಾಡಿಯೇ ಬರುತ್ತೇನೆ ಅಂದಿದ್ದವರು ಮಾಡದೆ ಬಂದರು. ಬಾಗಿಲು ತೆಗೆದಾಗ ನನ್ನ ಮೈಮೇಲೆ ನಿನ್ನೆಯ ನೈಟಿ, ಹೆಗಲ ಮೇಲೆ ಮಗು ಕಕ್ಕಿದ ಹಾಲು. ಕುರ್ಚಿಯ ತುಂಬ ಒಗೆದು ಮಡಚದೆ ಬಿಟ್ಟ ಬಟ್ಟೆ. ಅವರಿಗೆ ಕೂರಲು ಜಾಗ ಮಾಡಲು ಆ ರಾಶಿಯನ್ನು ಎತ್ತಿ ಮಂಚಕ್ಕೆ ಹಾಕಿದೆ. ಮಂಚದ ಮೇಲಿದ್ದ ರಾಶಿ ನೆಲಕ್ಕೆ ಬಿತ್ತು. ಅದರೊಳಗಿಂದ ಒಂದು ಚಮಚ ಉರುಳಿಕೊಂಡು ಅವರ ಕಾಲ ಬಳಿ ಹೋಗಿ ನಿಂತಿತು.

"ಮೊದಲ ಮಗು ಅಲ್ವಾ, ಹೀಗೇ ಇರುತ್ತೆ ಬಿಡಿ," ಅಂದರು. ಒಳ್ಳೆಯ ಮಾತೇ. ಆದರೆ ಆ ಚಮಚವನ್ನು ಅವರೇ ಬಗ್ಗಿ ಎತ್ತಿ ನನ್ನ ಕೈಗಿಟ್ಟರಲ್ಲ, ಆಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಬಂದು ಎರಡು ವಾರ. ನನಗೆ ಸಹಾಯಕ್ಕೆಂದೇ ಬಂದವರು. ಅಡುಗೆ ಮಾಡುತ್ತಾರೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸ್ನಾನ ಮಾಡಿಸುತ್ತಾರೆ. ಮಂಡಿ ನೋವು, ಆದ್ದರಿಂದ ನೆಲದ ಕೆಲಸ ಆಗದು. ಎರಡೂ ಕಿವಿಗೆ ಮೆಷಿನ್ ಬೇಕು, ಕಣ್ಣಿನ ಪೊರೆ ಬೇರೆ. "ನಿನ್ನ ಗಂಡ ಲಿಫ್ಟ್ ರಿಪೇರಿ ಮಾಡ್ತಾನೆ, ಅವನ ಅಮ್ಮನ್ನ ರಿಪೇರಿ ಮಾಡೋರು ಯಾರು," ಅಂತ ನಗುತ್ತಾರೆ. ನರ್ಸ್ ಹೋದ ಮೇಲೆ ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಗಳಿಗೆ ಒಂಬತ್ತು ತಿಂಗಳು. ಅತ್ತೆ ಇಟ್ಟ ಹೆಸರು ಚಿನಕುರುಳಿ. ಅಂಬೆಗಾಲು ಶುರುವಾಗಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಮೂಗಿನ ಮುಂದೆ ಬೆರಳು ಹಿಡಿದು ಉಸಿರು ತಾಗುತ್ತಿದೆಯೇ ಅಂತ ನೋಡುತ್ತೇನೆ. ತಾಗುತ್ತದೆ. ಇನ್ನೊಮ್ಮೆ ನೋಡುತ್ತೇನೆ.

ಮಾರ್ಚ್ 5, ಬುಧವಾರ

ಕೆಲಸಕ್ಕೆ ಮರಳಿದೆ. ಮನೆಯಿಂದಲೇ, ದಿನಕ್ಕೆ ಮೂರು ಗಂಟೆ. ಆಫೀಸಿನಿಂದ ಬಂದ ಡಬ್ಬದಲ್ಲಿ ಕನ್ನಡಕ. ನೋಡಲು ಓದುವ ಕನ್ನಡಕದಂತೆಯೇ ಇದೆ, ಕಡ್ಡಿ ಮಾತ್ರ ದಪ್ಪ. ಹಾಕಿಕೊಂಡರೆ ಎದುರಿನ ನಿಜವಾದ ಕೋಣೆಯಲ್ಲಿ ಇಲ್ಲದ ಸೋಫಾ, ಇಲ್ಲದ ಮೇಜು ಕೂತಂತೆ ಕಾಣುತ್ತದೆ. ಕೊಳ್ಳುವವರು ತಮ್ಮ ಮನೆಗೆ ಯಾವುದು ಒಪ್ಪುತ್ತದೆಂದು ಮೊದಲೇ ನೋಡಿಕೊಳ್ಳಲಿ ಅಂತ. ಈಗ ಅದಕ್ಕೆ ಹೊಸ ಪದರವೊಂದನ್ನು ಸೇರಿಸಿದ್ದಾರೆ, ಹೆಸರು 'ಚೊಕ್ಕಟ'. ಹೊಸ ಸೋಫಾ ಚೆನ್ನಾಗಿ ಕಾಣಬೇಕಾದರೆ ಹಳೆಯ ಗಲೀಜು ಕಾಣಬಾರದಲ್ಲ. ಮನುಷ್ಯರು, ಪ್ರಾಣಿಗಳು, ದೊಡ್ಡ ಸಾಮಾನು, ಧರಿಸಿದವರ ಸ್ವಂತ ಕೈಯಲ್ಲಿರುವುದು ಇಷ್ಟನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದು ಅಳಿಸಿ, ಅಲ್ಲಿ ನೆಲದ ಬಣ್ಣ ತುಂಬುತ್ತದೆ.

ಅಳಿಸದೆ ಉಳಿದದ್ದನ್ನು ಹುಡುಕಿ ವರದಿ ಬರೆಯುವುದು ನನ್ನ ಕೆಲಸ. ನಮ್ಮ ಮೇಲಿನವರು, ನಾವೆಲ್ಲ ಬೆನ್ನ ಹಿಂದೆ ಟೈಮ್‌ಟೇಬಲ್ ಅನ್ನುವವರು, ನನ್ನ ಮನೆಯ ಮೊದಲ ಚಿತ್ರ ನೋಡಿ, "ಪರೀಕ್ಷೆಗೆ ತುಂಬಾ ಒಳ್ಳೆ ಮನೆ ಮೇಡಂ. ಇಷ್ಟೊಂದು ಸಾಮಾನು ನಮ್ಮ ಯಾರ ಮನೆಯಲ್ಲೂ ಚೆಲ್ಲಾಡಿಲ್ಲ," ಅಂದರು. ಹೊಗಳಿಕೆಯ ದನಿಯಲ್ಲೇ. ವಿಡಿಯೋ ಕರೆಯಲ್ಲಿದ್ದ ಉಳಿದ ಆರು ಜನ ಕೇಳಿಸಿಕೊಂಡರು.

ಮಾರ್ಚ್ 8, ಶನಿವಾರ

ಇವತ್ತು ರಜೆ. ಆದರೂ ಕನ್ನಡಕ ಹಾಕಿಕೊಂಡೆ. ಹತ್ತೇ ನಿಮಿಷ.

ಬಟ್ಟೆಯಿಲ್ಲ. ಬಾಟಲಿಯಿಲ್ಲ. ಗೋಡೆಯಿಂದ ಗೋಡೆಗೆ ಕೆನೆ ಬಣ್ಣದ ನೆಲ, ಕಿಟಕಿಯ ಬೆಳಕು ಅದರ ಮೇಲೆ ಹಾಲು ಚೆಲ್ಲಿದ ಹಾಗೆ. ನಡುವೆ ನನ್ನ ಮಗಳು. ಭುಜ ತಾನಾಗಿ ಕೆಳಗಿಳಿಯಿತು. ಎಷ್ಟು ದಿನದಿಂದ ಅದನ್ನು ಕಿವಿಯವರೆಗೆ ಎತ್ತಿಕೊಂಡಿದ್ದೆನೋ.

ತೆಗೆದಾಗ ಎಲ್ಲ ಇದ್ದಲ್ಲೇ ಇತ್ತು. ಇನ್ನೂ ಹತ್ತು ನಿಮಿಷ ಹಾಕಿಕೊಂಡೆ.

ಮಾರ್ಚ್ 11, ಮಂಗಳವಾರ

ಇವರು ಊಟಕ್ಕೆ ಬಂದಾಗ ಕೇಳಿದರು: "ಏನೇ, ಊಟ ಮಾಡುವಾಗಲೂ ಕನ್ನಡಕ?" "ಕೆಲಸ ರೀ, ಇಷ್ಟು ಗಂಟೆ ಹಾಕ್ಕೊಳ್ಳಲೇಬೇಕು ಅಂತ ನಿಯಮ," ಅಂದೆ. ಅಂಥ ನಿಯಮ ಯಾವುದೂ ಇಲ್ಲ. ನಿಯಮ ಇರುವುದು ಉಲ್ಟಾ: ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವಾಗ ಬಳಸಬಾರದು ಅಂತ ಸೂಚನೆಗಳ ಮೊದಲ ಪುಟದಲ್ಲೇ ಬರುತ್ತದೆ. ಓದಿದ್ದೇನೆ ಅನ್ನುವ ಚೌಕಕ್ಕೆ ಗುರುತು ಹಾಕಿದ್ದೇನೆ. ಓದಿಯೂ ಇದ್ದೇನೆ. ಅದೆಲ್ಲ ಯಾವ ಹೊಸ ಸಾಮಾನಿನ ಜೊತೆಗೂ ಬರೆದಿರುವ ಮಾತು.

ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಡಂ ಕೇಳಿದ ಪ್ರಶ್ನೆ ನೆನಪಾಯಿತು. ಒಂದು ಯಂತ್ರ ಇದೆ, ಒಳಗೆ ಮಲಗಿದರೆ ಬೇಕಾದ ಸುಖದ ಅನುಭವವೆಲ್ಲ ನಿಜದಂತೆಯೇ ಸಿಗುತ್ತದೆ, ಒಳಗೆ ಹೋಗುವಿರಾ? ತರಗತಿಯೆಲ್ಲ ಹೋಗುವುದಿಲ್ಲ ಅಂದಿತು. ನಾನೊಬ್ಬಳೇ ಹೋಗುತ್ತೇನೆ ಅಂದೆ. ಅನುಭವ ಒಂದೇ ಆಗಿದ್ದರೆ ಹಿಂದಿರುವ ಸತ್ಯದಿಂದ ಆಗಬೇಕಾದ್ದೇನು? ಕನಸಿನ ಹುಲಿಗೆ ಬೆದರಿದವನ ಎದೆಬಡಿತ ನಿಜವೇ ತಾನೇ? ಚರ್ಚಾಸ್ಪರ್ಧೆಯಲ್ಲಿ ಅದೇ ವಾದಕ್ಕೆ ಬಹುಮಾನವೂ ಬಂತು. ಗಾಜಿನ ಬಟ್ಟಲು. ಈಗ ಎಲ್ಲಿದೆಯೋ, ಬಟ್ಟೆಯ ಕೆಳಗೆ ಎಲ್ಲೋ.

ಒರೆಸಿದ ನೆಲ, ಅಳಿಸಿದ ನೆಲ. ಕಣ್ಣಿಗೆ ಎರಡೂ ಒಂದೇ. ಇಪ್ಪತ್ತರ ಹುಡುಗಿ ಸರಿಯಾಗಿಯೇ ಹೇಳಿದ್ದಳು.

ಮಾರ್ಚ್ 12, ಬುಧವಾರ

ಮಗಳು ಗಿಲಕಿ ಆಡಿಸುತ್ತಾಳೆ. ಕೈ ಖಾಲಿ ಕಾಣುತ್ತದೆ, ಸದ್ದು ಮಾತ್ರ ಕೇಳುತ್ತದೆ. ಮಾಯಾವಿ ನನ್ನ ಮಗಳು. ಅರ್ಧ ಗಂಟೆ ನೋಡುತ್ತ ಕೂತೆ.

ಮಾರ್ಚ್ 14, ಶುಕ್ರವಾರ

ಒಳ್ಳೆಯ ದಿನ. ನನ್ನ ವರದಿಯನ್ನು ಟೈಮ್‌ಟೇಬಲ್ ಎಲ್ಲರೆದುರು ಓದಿದರು. ಚೊಕ್ಕಟದಲ್ಲಿ ಒಂದು ದೋಷ ನನ್ನ ಕಣ್ಣಿಗೆ ಬಿದ್ದಿತ್ತು: ದೊಡ್ಡದೆಲ್ಲ ಮಾಯವಾದರೂ ಸಣ್ಣ ಹೊಳೆಯುವ ವಸ್ತುಗಳು ಉಳಿದುಬಿಡುತ್ತವೆ. ಪಿನ್ನು, ಅಂಗಿಯ ಗುಂಡಿ, ಮಾತ್ರೆಯ ಹಾಳೆ. ಖಾಲಿ ನೆಲದ ಮೇಲೆ ಅದೊಂದೇ ಮಿಣಮಿಣ ಅನ್ನುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಒಂದೊಂದರದೂ ಚಿತ್ರ ತೆಗೆದು, ಅಳತೆ ಹಾಕಿ, ಎಂಟು ಪುಟ ಬರೆದೆ. "ಇದು ನೋಡಿ ಕಣ್ಣು ಅಂದ್ರೆ," ಅಂದರು. ಸೋಮವಾರದೊಳಗೆ ಸರಿಪಡಿಸುತ್ತಾರಂತೆ.

ಅತ್ತೆಗೆ ಹೇಳಿದೆ. "ಏನೋಪ್ಪಾ, ಕಾಣೋದನ್ನ ಕಾಣದ ಹಾಗೆ ಮಾಡೋದಕ್ಕೂ ಒಂದು ಕೆಲಸವಾ," ಅಂದರು. "ನಂಗೆ ಅದು ವಯಸ್ಸಿಂದ ಪುಕ್ಕಟೆ ಬಂತು."

ನಕ್ಕೆವು, ಇಬ್ಬರೂ.

ಮಾರ್ಚ್ 17, ಸೋಮವಾರ, ಮಧ್ಯಾಹ್ನ

ಹೊಸ ಆವೃತ್ತಿ ಬೆಳಿಗ್ಗೆ ಬಂತು. ಅದ್ಭುತ. ಒಂದು ಚುಕ್ಕೆಯೂ ಇಲ್ಲ. ಹೆಮ್ಮೆ ಅನ್ನಿಸಿತು, ಈ ನೆಲದಲ್ಲಿ ನನ್ನ ಎಂಟು ಪುಟವೂ ಇದೆ.

ಅತ್ತೆ ಕುರ್ಚಿಯಲ್ಲಿ ಕೂತು ಕಿವಿಯ ಮೆಷಿನ್ನಿನ ಬ್ಯಾಟರಿ ಬದಲಿಸುತ್ತಿದ್ದರು. ಅಂಗಿಯ ಸಣ್ಣ ಗುಂಡಿಯಷ್ಟು ಇರುತ್ತದೆ ಅದು. ಹಳೆಯದು ಕೈಜಾರಿತಂತೆ. "ನೋಡಮ್ಮಾ, ಕೆಳಗೆ ಬಿತ್ತಾ? ನನ್ನ ಕಣ್ಣಿಗೆ ಕಾಣ್ತಿಲ್ಲ. ಮಗು ಓಡಾಡೋ ಜಾಗ," ಅಂದರು. ನೋಡಿದೆ. ಕುರ್ಚಿಯ ಕೆಳಗೂ ಬಗ್ಗಿ ನೋಡಿದೆ. "ನೆಲದ ಮೇಲೆ ಏನೂ ಇಲ್ಲ, ಅತ್ತೆ," ಅಂದೆ. "ನಿಮ್ಮ ಸೀರೆ ಮಡಿಕೆಯಲ್ಲೇ ಇರುತ್ತೆ." ಅವರು ಎದ್ದು ಸೀರೆ ಕೊಡವಿದರು.

ಮಗಳು ಕಿಟಕಿಯ ಬೆಳಕಿನಲ್ಲಿ ಕೂತಿದ್ದಾಳೆ. ನೆಲದಿಂದ ಏನನ್ನೋ ಹೆಕ್ಕಿದ ಹಾಗೆ ಎರಡು ಬೆರಳು ಜೋಡಿಸಿ, ಗಾಳಿಯನ್ನೇ ಬಾಯಿಗಿಟ್ಟುಕೊಂಡಳು. ಮುಖ ಹುಳಿಹುಳಿ ಮಾಡಿದಳು. ಗಾಳಿಗೆ ಏನು ರುಚಿಯೋ.

ಮಾರ್ಚ್ 18, ಮಂಗಳವಾರ

ಆಸ್ಪತ್ರೆಯಲ್ಲಿದ್ದೇವೆ. ಬದುಕಿದ್ದಾಳೆ. ಮೊದಲು ಅದನ್ನು ಬರೆದಿಡುತ್ತೇನೆ.

ನಿನ್ನೆ ಬರೆದು ಪುಸ್ತಕ ಮುಚ್ಚಿದ ಸ್ವಲ್ಪ ಹೊತ್ತಿಗೆ ಕೆಮ್ಮು, ಜೊಲ್ಲು. ಹಾಲು ಕೊಟ್ಟರೆ ಮುಖ ತಿರುಗಿಸಿದಳು. ಹಲ್ಲು ಬರುತ್ತಿರಬೇಕು ಅಂದೆ ನಾನು. ಅತ್ತೆ ನನ್ನ ಮಾತು ಕೇಳಲಿಲ್ಲ. "ನನ್ನ ಬ್ಯಾಟರಿ ಸಿಕ್ಕಿಲ್ಲ ಕಣೇ, ಆಸ್ಪತ್ರೆಗೆ ನಡಿ," ಅಂತ ಮಂಡಿನೋವಿನಲ್ಲೂ ಮೆಟ್ಟಿಲಿಳಿದು ಆಟೋ ನಿಲ್ಲಿಸಿದವರು ಅವರೇ.

ಎಕ್ಸ್‌ರೇಯಲ್ಲಿ ಬೆಳ್ಳಗೆ, ದುಂಡಗೆ ಇತ್ತು. ಹೊಟ್ಟೆಗೆ ಇಳಿದಿದೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ಅಲ್ಲೇ ಸುಟ್ಟು ತೂತು ಮಾಡುತ್ತಿತ್ತು ಅಂದರು ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ತಾನಾಗಿ ಹೊರಬರುವವರೆಗೆ ಇಲ್ಲೇ ಇರಬೇಕು.

"ಎಷ್ಟು ಹೊತ್ತಿಗೆ ನುಂಗಿದ್ದು?" ಕೇಳಿದರು.

ಗೊತ್ತಿಲ್ಲ ಅಂದೆ. ಸುಳ್ಳು. ಹನ್ನೆರಡೂ ಮುಕ್ಕಾಲು. ಕಣ್ಣಾರೆ ನೋಡಿದ್ದೆ. ನೋಡಿ, ಗಾಳಿಯ ರುಚಿಯ ಬಗ್ಗೆ ಒಂದು ಸಾಲೂ ಬರೆದಿದ್ದೆ.

"ನೆಲದ ಮೇಲೆ ಬೇರೆ ಏನಾದರೂ ಇತ್ತಾ? ಮಾತ್ರೆ, ಪಿನ್ನು, ಇನ್ನೊಂದು ಬ್ಯಾಟರಿ?"

ಇದಕ್ಕೂ ಗೊತ್ತಿಲ್ಲ ಅಂದೆ. ಇದು ನಿಜ. ಹತ್ತು ದಿನದಿಂದ ನನ್ನ ಮನೆಯ ನೆಲವನ್ನು ನಾನು ನೋಡಿರಲಿಲ್ಲ.

ಇವರು ಓಡಿಬಂದರು, ಕೈಯಲ್ಲಿ ಗ್ರೀಸು ಹಾಗೇ ಇತ್ತು. ಅತ್ತೆಯ ಕಡೆ ತಿರುಗಿ, "ಎಷ್ಟು ಸಲ ಹೇಳಿದೀನಮ್ಮಾ, ಬ್ಯಾಟರಿ ಬದಲಿಸುವಾಗ ಮೇಜಿನ ಮುಂದೆ ಕೂತ್ಕೋ ಅಂತ," ಅಂದರು. ಕಾರಿಡಾರಿನಲ್ಲಿದ್ದವರೆಲ್ಲ ನೋಡಿದರು. ಅತ್ತೆ, "ಹೌದಪ್ಪಾ, ನನ್ನದೇ ತಪ್ಪು," ಅಂದರು. ಆಮೇಲೆ ಎರಡೂ ಕಿವಿಯ ಮೆಷಿನ್ ತೆಗೆದು, ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕೈಚೀಲದ ತಳಕ್ಕೆ ತಳ್ಳಿದರು.

ಇವಳನ್ನು ಕೇಳಿದ್ದೆ, ಏನೂ ಇಲ್ಲ ಅಂದಳು ಅಂತ ಅವರು ಹೇಳಲಿಲ್ಲ. ಹೇಳುತ್ತಾರೆ ಅಂತ ಕಾದೆ.

ಮಾರ್ಚ್ 19, ಬುಧವಾರ

ಇನ್ನೂ ಬಂದಿಲ್ಲ. ಪ್ರತಿ ಸಲ ಡೈಪರ್ ಬಿಚ್ಚಿ, ಕೈಗವಸು ಹಾಕಿಕೊಂಡು, ಕಡ್ಡಿಯಿಂದ ಕೆದಕಿ ನೋಡಬೇಕು. ನರ್ಸ್ ಮಾಡುತ್ತೇನೆ ಅಂದರು. ಬೇಡ ಅಂದೆ. ಇಷ್ಟು ಹತ್ತಿರದಿಂದ ಏನನ್ನಾದರೂ ನೋಡಿ ಎಷ್ಟು ದಿನವಾಗಿತ್ತೋ.

ಮೇಡಂ ಹೇಳಿದ ಯಂತ್ರದಲ್ಲಿ ಒಬ್ಬನೇ ಮಲಗಿರುತ್ತಿದ್ದ. ಅವನಿಗೆ ಏನನ್ನಿಸುತ್ತದೆ, ಅದು ನಿಜವೇ, ಇಷ್ಟೇ ನಮ್ಮ ಚರ್ಚೆ. ಯಂತ್ರದ ಹೊರಗೆ ಅವನ ಮಗು ಅಂಬೆಗಾಲಿಡುತ್ತಿದ್ದರೆ ಅಂತ ತರಗತಿಯಲ್ಲಿ ಯಾರೂ ಕೇಳಲಿಲ್ಲ. ಯಾರಿಗೂ ಮಕ್ಕಳಿರಲಿಲ್ಲ. ಮೇಡಂ ಕೊಡುತ್ತಿದ್ದ ಇನ್ನೊಂದು ಉದಾಹರಣೆ, ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದು ಬೆದರುವವನದು. ಅವನು ಪುಣ್ಯವಂತ. ಬೆದರಿ ಓಡುತ್ತಾನೆ, ಎಡವಿ ಮಂಡಿ ತರಚಿಕೊಳ್ಳುತ್ತಾನೆ, ಅಷ್ಟೇ. ಹಾವಿದ್ದಲ್ಲಿ ಬರೀ ನೆಲ ಕಂಡವರ ಕಥೆಯನ್ನು ಯಾರೂ ಪಾಠ ಮಾಡಲಿಲ್ಲ.

ಎಷ್ಟು ಚೆನ್ನಾಗಿ ಬರೆಯುತ್ತೇನೆ ನಾನು. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಾರೆ, ಮೊನ್ನೆಯಿಂದ ಮಗುವನ್ನು ಮುಟ್ಟಿಲ್ಲ. ಚಿನಕುರುಳಿ ಎರಡು ಸಲ ಕೈ ಚಾಚಿದಳು. ಅವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

ಇವತ್ತು ಹೇಳಬಹುದಿತ್ತು. ಇವರು ಊಟ ತಂದಾಗ. ಡಾಕ್ಟರು ಬಂದಾಗ. ಮೂರು ಸಲ ಬಾಯಿ ತೆರೆದೆ. ಒಮ್ಮೆ ನೀರು ಕೇಳಿದೆ, ಒಮ್ಮೆ ಫ್ಯಾನು ಕಡಿಮೆ ಮಾಡಿ ಅಂದೆ, ಒಮ್ಮೆ ಸುಮ್ಮನೆ ಆಕಳಿಸಿದೆ.

ಮಾರ್ಚ್ 20, ಗುರುವಾರ

ಬಂತು. ಬೆಳಿಗ್ಗೆ ಏಳಕ್ಕೆ. ಕಪ್ಪಾಗಿದೆ, ಅಂಚು ತುಕ್ಕು ಹಿಡಿದಂತಾಗಿದೆ. ಅಂಗೈಯಲ್ಲಿ ಇಟ್ಟುಕೊಂಡು, ಅತ್ತೇ ಅಂತ ಕೂಗಿದೆ. ಅವರಿಗೆ ಕೇಳಿಸಲಿಲ್ಲ, ನನ್ನ ಮುಖ ನೋಡಿ ಗೊತ್ತಾಯಿತು. ಸ್ಟೂಲಿನಲ್ಲೇ ಕೂತು ಸದ್ದಿಲ್ಲದೆ ಅತ್ತರು.

ಮಧ್ಯಾಹ್ನ ಮನೆಗೆ ಬಂದೆವು. ಬಾಗಿಲಲ್ಲೇ ನಿಂತೆ. ಎಲ್ಲ ಇತ್ತು. ಮಗುವನ್ನು ಇವರ ಕೈಗೆ ಕೊಟ್ಟು ಮಂಡಿಯೂರಿ ಶುರುಮಾಡಿದೆ: ಎರಡು ಪಿನ್ನು, ಗುಂಡಿ ಒಂದು, ಅರ್ಧ ಮಾತ್ರೆ, ಮೊಳೆ, ಇರುವೆ ಮುತ್ತಿದ ಬಿಸ್ಕತ್ತಿನ ಚೂರು, ಒಡೆದ ಗಾಜಿನ ಬಟ್ಟಲು. ಸಂಜೆಯಾಯಿತು. ಕೂತಲ್ಲೇ ಗೋಡೆಗೊರಗಿ ಎರಡು ಗಂಟೆ ನಿದ್ದೆ ಹೋಗಿದ್ದೆನಂತೆ, ಇವರು ಹೇಳಿದರು.

ಅತ್ತೆ ನಾಳೆ ತಮ್ಮ ಮಗಳ ಮನೆಗೆ ಹೋಗುತ್ತಾರಂತೆ. "ನಂಗೆ ಕಣ್ಣು ಕಾಣಲ್ಲ, ಕೈ ನಡುಗುತ್ತೆ. ಮಗು ಇರೋ ಮನೇಲಿ ನನ್ನಂಥವಳು ಇರಬಾರದು," ಅಂದರು. ಇವರು ಬೇಡ ಅನ್ನಲಿಲ್ಲ. ಬಸ್ಸಿನ ಹೊತ್ತು ವಿಚಾರಿಸಿದರು.

ನಾಳೆ ಬಸ್ಸು ಹೊರಟರೆ ನಾನು ಪಾರಾಗುತ್ತೇನೆ. ಈ ಸಾಲು ಓದಿ ನನಗೇ ಹೇಸಿಗೆಯಾಗುತ್ತಿದೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಅತ್ತೆ ಕೋಣೆಯಲ್ಲಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು. ಮಗಳು ಮಂಚದ ಮೇಲೆ ನಿದ್ದೆಯಲ್ಲಿದ್ದಳು. ಇವರು ಹೊರಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದರು. ಒಳಗೆ ಹೋಗಿ, ಬಾಗಿಲನ್ನು ಹಿಂದಕ್ಕೆ ತಳ್ಳಿ, ಮೆಲ್ಲಗೆ ಹೇಳಿದೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಮಾತು: ಅತ್ತೆ, ತಪ್ಪು ನಿಮ್ಮದಲ್ಲ, ನನ್ನದು.

"ಏನು?" ಅಂದರು ಅತ್ತೆ.

ಕಿವಿಯಲ್ಲಿ ಮೆಷಿನ್ ಇರಲಿಲ್ಲ. ಚೀಲದ ತಳದಲ್ಲಿತ್ತು, ಸೀರೆಗಳ ಕೆಳಗೆ. ಹತ್ತಿರ ಹೋಗಿ ಕಿವಿಯ ಬಳಿ ಹೇಳಿದೆ.

"ಜೋರಾಗಿ ಹೇಳು, ಏನೂ ಕೇಳಿಸ್ತಿಲ್ಲ."

ಇಷ್ಟು ನಾಚಿಕೆಯನ್ನು ಪಿಸುಗುಟ್ಟಲು ಮಾತ್ರ ಸಿದ್ಧಳಾಗಿ ಬಂದಿದ್ದೆ. ಚೀಟಿಯಲ್ಲಿ ಬರೆದುಕೊಡಲೇ ಅನ್ನಿಸಿತು. ಪೊರೆಗಣ್ಣು, ಓದಿಸಲು ಮಗನನ್ನೇ ಕರೆಯುತ್ತಾರೆ. ಕೂಗಿದೆ. ಮನೆಯಿಡೀ ಕೇಳುವ ಹಾಗೆ.

"ಆವತ್ತು ನೀವು ಕೇಳಿದಾಗ ನಾನು ಕನ್ನಡಕ ಹಾಕಿಕೊಂಡಿದ್ದೆ. ಅದರಲ್ಲಿ ನೆಲದ ಮೇಲಿರೋದು ಏನೂ ಕಾಣಲ್ಲ. ಅವಳು ಬಾಯಿಗೆ ಹಾಕ್ಕೊಂಡಿದ್ದನ್ನೂ ನೋಡಿದೆ. ಕೈ ಖಾಲಿ ಅಂದುಕೊಂಡೆ. ಸಣ್ಣ ವಸ್ತು ಕಾಣದ ಹಾಗೆ ಮಾಡಿ ಅಂತ ಬರೆದುಕೊಟ್ಟವಳೂ ನಾನೇ."

ಹೊರಗೆ ಬೂಟಿನ ಸದ್ದು ನಿಂತಿತು. ಬಾಗಿಲು ತೆರೆಯಿತು. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲು ಬರಿದು, ಇವರು ನಿಂತಿದ್ದರು.

"ಕೆಲಸಕ್ಕೆ ಹಾಕ್ಕೊಂಡಿದ್ದಾ?" ಕೇಳಿದರು.

"ಅಲ್ಲ. ಕೆಲಸ ಹನ್ನೊಂದಕ್ಕೇ ಮುಗಿದಿತ್ತು."

"ಮತ್ಯಾಕೆ?"

"ಮನೆ ನೋಡೋಕೆ ನಾಚಿಕೆ ಆಗ್ತಿತ್ತು."

ಅವರು ಹೊರಗೆ ಹೋಗಿ ಇನ್ನೊಂದು ಬೂಟು ಹಾಕಿಕೊಂಡರು. ಮೆಟ್ಟಿಲಿಳಿಯುವ ಸದ್ದು ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿತು.

ಅತ್ತೆ ಮಡಚುತ್ತಿದ್ದ ಸೀರೆಯನ್ನು ತೊಡೆಯ ಮೇಲೆ ಹಾಗೇ ಹಿಡಿದು ಕೂತಿದ್ದರು. "ನೀನು ನೋಡದೇ ಹೇಳಿದೆ ಅಂದುಕೊಂಡಿದ್ದೆ," ಅಂದರು. "ನಿದ್ದೆಗೆಟ್ಟ ಹುಡುಗಿ, ತಿರುಗಿ ನೋಡೋ ಶಕ್ತಿ ಇಲ್ಲದೆ ಇಲ್ಲ ಅಂದಿರ್ತಾಳೆ, ಬಿಡು ಅಂತ. ಅದಕ್ಕೇ ಅವನ ಹತ್ರ ಬಾಯಿ ಬಿಡಲಿಲ್ಲ."

"ನೋಡಿದ್ದೆ ಅತ್ತೆ. ಬಗ್ಗಿ ನೋಡಿದ್ದೆ."

"ಸರಿ, ಕೂಗಬೇಡ, ಮಗು ಏಳುತ್ತೆ." ಸೀರೆಯನ್ನು ಪಕ್ಕಕ್ಕಿಟ್ಟರು. "ಆವತ್ತು ಕಾಣಲಿಲ್ಲ, ಅದು ಕನ್ನಡಕ ಅನ್ನು. ಈ ನಾಲ್ಕು ದಿನ ನಾನು ಮೂಲೇಲಿ ಕೂತಿದ್ದು ಕಾಣ್ತಿತ್ತಲ್ಲ. ಆಗ ಹಾಕ್ಕೊಂಡಿರಲಿಲ್ಲವಲ್ಲ ನೀನು."

ಇಲ್ಲ ಅತ್ತೆ ಅಂದೆ. ಕೇಳಿಸಿತೋ ಇಲ್ಲವೋ.

ಮಗು ಎದ್ದಿತ್ತು. ಮಂಚದ ಅಂಚಿಗೆ ತೆವಳಿ ಬಂದು ಅವರ ತೋಳು ಹಿಡಿದು ಎಳೆಯಿತು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು, ಎತ್ತಿಕೊಳ್ಳಲೇ ಅಂತ ಕೇಳುವ ಹಾಗೆ. ಕೇಳಬೇಕಾದವಳು ನಾನು. ನಾನೇ ಎತ್ತಿ ಅವರ ತೊಡೆಯ ಮೇಲೆ ಕೂರಿಸಿದೆ. ಅವಳ ತಲೆಯ ಮೇಲೆ ಗಲ್ಲ ಊರಿ, ಎರಡೂ ಕೈಯಿಂದ ಬಳಸಿ ಹಿಡಿದುಕೊಂಡರು. ನನ್ನ ಕಡೆ ಮತ್ತೆ ನೋಡಲಿಲ್ಲ.

ಬಸ್ಸಿನ ಹೊತ್ತು ಮೀರಿತು.

ಮಾರ್ಚ್ 22, ಶನಿವಾರ

ಇವರು ಇನ್ನೂ ಮಾತಾಡಿಲ್ಲ. ಅನ್ನ ಬೇಕಾದರೆ ತಟ್ಟೆ ಮುಂದಕ್ಕೆ ತಳ್ಳುತ್ತಾರೆ.

ಟೈಮ್‌ಟೇಬಲ್‌ಗೆ ಬರೆದೆ. ಏನಾಯಿತು, ಎಷ್ಟು ಹೊತ್ತಿಗೆ, ಕಾರಣ ಯಾರು. ಒಂದೇ ಪುಟ. ಕನ್ನಡಕವನ್ನು ಡಬ್ಬದಲ್ಲಿಟ್ಟು ಕೊರಿಯರಿನವನ ಕೈಗೆ ಕೊಟ್ಟೆ. ಕೆಲಸ ಉಳಿಯುತ್ತದೋ ಗೊತ್ತಿಲ್ಲ.

ಅತ್ತೆಯ ತುಂಬಿದ ಚೀಲ ಈಗ ಹಜಾರದ ಬಾಗಿಲ ಬಳಿ ಇದೆ. ಹೊರಟಿಲ್ಲ, ಬಿಚ್ಚಿಯೂ ಇಲ್ಲ. ಸ್ನಾನದ ನೀರು ತರುವಾಗ ಅದಕ್ಕೆ ಎಡವಿದೆ, ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಅತ್ತೆ ನೋಡಿದರು, ಸರಿಸು ಅನ್ನಲಿಲ್ಲ. ನಾನೂ ಸರಿಸಲಿಲ್ಲ. ಇವತ್ತಿಡೀ ಅದನ್ನು ದಾಟಿಕೊಂಡೇ ಓಡಾಡಿದೆ.